ಬೆಳಗಾವಿ: ಮಹಾನಗರದ ಸಾಧ್ಯತೆ

ಬೆಳಗಾವಿ, ಕರ್ನಾಟಕದ ವಾಯವ್ಯ ಗಡಿಯ ಮಧ್ಯಮ ಗಾತ್ರದ ನಗರ. 2011ರ ಜನಗಣತಿಯಂತೆ ನಗರದ ಜನಸಂಖ್ಯೆ ಸುಮಾರು 4.9 ಲಕ್ಷ; ಹೊರವಲಯ ಸೇರಿದರೆ 6 ಲಕ್ಷ ದಾಟುತ್ತದೆ. ಬೆಂಗಳೂರಿನ ಆಚೆಗೆ ದೊಡ್ಡದಾಗಿ ಬೆಳೆಯಬಲ್ಲ ನಗರಗಳಲ್ಲಿ ಹುಬ್ಬಳ್ಳಿ-ಧಾರವಾಡ, ಮೈಸೂರು, ಮಂಗಳೂರುಗಳ ಸಾಲಿನಲ್ಲೇ ಇದನ್ನೂ ಎಣಿಸಬೇಕು.

ಇದರ ಮೊದಲ ಬಲ ವ್ಯಾಪಾರ. ರವಿವಾರ ಪೇಟೆಯ ಸಗಟು ಅಂಗಡಿಗಳ ಮುಂದೆ ಬೆಲ್ಲದ ಪೆಂಟೆ, ಒಣಮೆಣಸಿನಕಾಯಿ ಚೀಲ, ಎಣ್ಣೆ ಡಬ್ಬಿ ಇಳಿಯುತ್ತಿರುತ್ತವೆ; ಹಮಾಲರ ಕೈಗಾಡಿಗಳ ನಡುವೆ ಕನ್ನಡ, ಮರಾಠಿ, ಹಿಂದಿ ಬೆರೆತ ಚೌಕಾಶಿ ನಡೆಯುತ್ತದೆ. ನೆರೆಯ ಖಾನಾಪುರ ಸೀಮೆಯ ಕಿರಾಣಿಯವರಿಗೂ ಇದೇ ಪೇಟೆ. ಈ ಓಣಿಗಳು ಲಾರಿಗಳಿಗೆ ಇಕ್ಕಟ್ಟಾಗಿವೆ. ಸಗಟು ವಹಿವಾಟಿಗೆ ವಿಶಾಲ ಜಾಗ ಸಿಗದೆ ನಗರ ದೊಡ್ಡದಾಗದು.

ಉದ್ಯಮಬಾಗದ ಎರಕದ ಕಾರ್ಖಾನೆಗಳು, ಪುಣೆ-ಬೆಂಗಳೂರು ಹೆದ್ದಾರಿ, ಸಾಂಬ್ರಾ ವಿಮಾನ ನಿಲ್ದಾಣ, 1916ರಲ್ಲಿ ಹುಟ್ಟಿದ ಕೆಎಲ್‌ಇ ಶಿಕ್ಷಣ ಸಂಸ್ಥೆ, 1998ರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಉಳಿದ ಆಸರೆಗಳು. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ಆದರೆ ಅಲ್ಲಿ ನಡೆಯುವ ವಿಧಾನಮಂಡಲದ ಅಧಿವೇಶನ ಮುಗಿದೊಡನೆ ಸರ್ಕಾರ ಬೆಂಗಳೂರಿಗೆ ಮರಳುತ್ತದೆ. ಕಾಯಂ ಇಲಾಖೆಗಳು ಬಾರದೆ ಆ ಕಟ್ಟಡದಿಂದ ಊರಿಗೆ ದೊಡ್ಡ ಲಾಭವಿಲ್ಲ.

ಬೆಳವಣಿಗೆಯ ಮಿತಿ ನೀರು. ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳೇ ನಗರದ ಮುಖ್ಯ ಮೂಲ. ಜೊತೆಗೆ, ಈ ಸೀಮೆಯ ನೀರು ಉಳಿಯಲು ಮಲಪ್ರಭಾ ನದಿ ಹುಟ್ಟುವ ಖಾನಾಪುರದ ಕಣಕುಂಬಿ ಕಾಡು ಉಳಿಯಬೇಕು. ನಗರ ಆ ದಿಕ್ಕಿಗೆ ಹಬ್ಬುವುದು ತಪ್ಪು.