ಬಿಜಾಪುರ ಸೀಮೆಯ ಅಡ್ಡಹೆಸರುಗಳು

ಕಾಖಂಡಕಿ ಎಂಬುದು ಬಬಲೇಶ್ವರ ಸೀಮೆಯ ಒಂದು ಊರು. ಅದೇ ಶಬ್ದವು ಮನೆತನದ ಅಡ್ಡಹೆಸರೂ ಆಗಿದೆ. 17ನೆಯ ಶತಮಾನದ ಹರಿದಾಸರನ್ನು ನಾವು ‘ಕಾಖಂಡಕಿ ಮಹಿಪತಿದಾಸರು’ ಎಂದು ಕರೆಯುವಾಗ ಊರು ಅವರ ನೆಲೆಯನ್ನು ಸೂಚಿಸುತ್ತದೆ. ಅದೇ ಶಬ್ದವು ಹೆಸರಿನ ಕೊನೆಗೆ ಬಂದಾಗಲಾದರೋ ವಂಶವನ್ನು ಸೂಚಿಸುತ್ತದೆ. ಈ ಅಂತರವನ್ನು ಗಮನಿಸದೆ ಅಡ್ಡಹೆಸರುಗಳಿಂದ ಇತಿಹಾಸವನ್ನು ಕಟ್ಟಹೊರಟವರು ಎಡವುವುದುಂಟು.

ಊರಿನಲ್ಲಿಯೇ ಇರುವವನನ್ನು ಆ ಊರವರು ಊರ ಹೆಸರಿನಿಂದ ಕರೆಯಲು ಕಾರಣವಿಲ್ಲ. ಆತನು ಬೇರೆಡೆಗೆ ಹೋಗಿ ನೆಲಸಿದಾಗ, ಅಲ್ಲಿಯ ಜನರ ಬಾಯಲ್ಲಿ ಅದು ಗುರುತಾಗಿ ಅಂಟಿಕೊಳ್ಳುತ್ತದೆ. ಹಲಸಂಗಿಯ ಕವಿ ಮಧುರಚೆನ್ನರ ಅಡ್ಡಹೆಸರು ಗಲಗಲಿ. ಗಲಗಲಿಯು ಕೃಷ್ಣಾತೀರದ ಊರು. 1938ರಲ್ಲಿ ಸಿಂದಗಿ ಸೀಮೆಯಲ್ಲಿ ಜನಿಸಿದ ಸಂಶೋಧಕ ಎಂ. ಎಂ. ಕಲಬುರ್ಗಿಯವರ ಅಡ್ಡಹೆಸರೂ ಪರಸ್ಥಳದ್ದೇ. ಆದುದರಿಂದ ಇಂಥ ಹೆಸರುಗಳು ವಾಸಕ್ಕಿಂತ ಹೆಚ್ಚಾಗಿ ವಲಸೆಗೆ ಸಾಕ್ಷಿಯೆಂದು ನಾವು ಭಾವಿಸುತ್ತೇವೆ. ವಲಸೆಯ ಕಾಲವನ್ನು ಮಾತ್ರ ಅವು ಹೇಳವು. ಅದಕ್ಕೆ ಕಾಗದಪತ್ರಗಳೇ ಬೇಕು.

ಪೋಲಂಡ್ ದೇಶದ ಹೆಸರುಗಳೊಡನೆ ಹೋಲಿಸಿದರೆ ವಿಷಯವು ಸ್ಪಷ್ಟವಾಗುತ್ತದೆ. ಅಲ್ಲಿಯ ಕುಲೀನರು ತಮ್ಮ ಒಡೆತನದ ಹಳ್ಳಿಯ ಹೆಸರಿಗೆ ‘ಸ್ಕಿ’ ಪ್ರತ್ಯಯವನ್ನು ಹಚ್ಚಿ ಮನೆತನದ ಹೆಸರನ್ನಾಗಿ ಮಾಡಿಕೊಂಡರು. ಉಳಿದವರು ಆ ಮಾದರಿಯನ್ನು ಅನುಸರಿಸಿದರು. ಅಲ್ಲಿ ಮೊದಲು ಒಡೆತನವನ್ನು ಹೇಳಿದ ಊರಹೆಸರು ನಮ್ಮಲ್ಲಿ ಅಗಲಿಕೆಯನ್ನು ಹೇಳಿತು. ಕಮ್ಮಾರನೆಂಬ ಶಬ್ದದಿಂದ ಬಂದ ‘ಕೊವಾಲ್ಸ್ಕಿ’, ಹೊಸಬನೆಂಬ ಅರ್ಥದ ‘ನೊವಾಕ್’ ಇವು ನಮಗೆ ಅಪರಿಚಿತವೆನಿಸವು. ನಮ್ಮಲ್ಲಿಯೂ ಕಮ್ಮಾರ, ಬಡಿಗೇರ, ಪತ್ತಾರ ಮನೆತನಗಳು ಇವೆಯಷ್ಟೆ.

ಹುದ್ದೆಯಿಂದ ಬಂದ ಹೆಸರುಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಗ್ರಾಮದ ಆಡಳಿತವು ಪಾಟೀಲನದು, ಲೆಕ್ಕವು ಕುಲಕರ್ಣಿಯದು. ಪರಗಣೆಗೆ ದೇಸಾಯಿ, ದೇಶಪಾಂಡೆಯರು. ವತನವು ವಂಶಪಾರಂಪರ್ಯವಾದುದರಿಂದ ಹುದ್ದೆಯ ಹೆಸರೇ ವಂಶದ ಹೆಸರಾಯಿತು. ಪರಗಣೆ ಹಾಗೂ ಕುಲಕರ್ಣಿ ವತನಗಳು ಮುಂಬಯಿ ಸರಕಾರದ 1950ರ ಕಾನೂನಿನಿಂದಲೂ ಗ್ರಾಮದ ಉಳಿದ ವಂಶಪಾರಂಪರ್ಯ ಹುದ್ದೆಗಳು ಮೈಸೂರು ರಾಜ್ಯದ 1961ರ ಕಾನೂನಿನಿಂದಲೂ ರದ್ದಾದವು. ಹೆಸರುಗಳನ್ನು ಯಾವ ಕಾನೂನೂ ರದ್ದುಮಾಡಲಿಲ್ಲ. ಪಾಟೀಲರು ಲಿಂಗಾಯತರಲ್ಲಿಯೂ ಜೈನರಲ್ಲಿಯೂ ಮರಾಠರಲ್ಲಿಯೂ ಮುಸಲ್ಮಾನರಲ್ಲಿಯೂ ಇರುವುದರಿಂದ ಇದನ್ನು ಜಾತಿಯ ಕುರುಹೆಂದು ಎಣಿಸುವುದು ಸರಿಯಲ್ಲ. ತಳವಾರ, ವಾಲೀಕಾರ ಎಂಬವೂ ಗ್ರಾಮಸೇವೆಯ ಹೆಸರುಗಳೇ. ಆದರೆ ಶಾಲೆಯ ಹಾಜರಿಪಟ್ಟಿಯಲ್ಲಿ ಅಕ್ಕಪಕ್ಕ ಬರೆಯಲ್ಪಟ್ಟಾಗಲೂ ಪಾಟೀಲನಿಗೆ ದೊರೆತ ಮನ್ನಣೆ ತಳವಾರನಿಗೆ ದೊರೆಯಲಿಲ್ಲವೆಂಬುದನ್ನು ಮರೆಯಲಾಗದು.

‘ಕರ’ ಪ್ರತ್ಯಯವನ್ನು ಕಂಡೊಡನೆ ಮನೆತನವು ಮರಾಠಿ ಮೂಲದ್ದೆಂದು ತೀರ್ಮಾನಿಸುವುದೂ ಆತುರವೇ ಸರಿ. 1956ರವರೆಗೆ ಮುಂಬಯಿ ಪ್ರಾಂತದಲ್ಲಿದ್ದ ಈ ಜಿಲ್ಲೆಯ ಕನ್ನಡಿಗರಿಗೂ ಆ ರೂಢಿ ಬಳಕೆಯದಾಗಿತ್ತು.

ಮೆಣಸಿನಕಾಯಿ, ಉಳ್ಳಾಗಡ್ಡಿ ಮುಂತಾದ ಹೆಸರುಗಳನ್ನು ಕೇಳಿ ಪರಸ್ಥಳದವರು ನಗುವುದುಂಟು. ಇವುಗಳಿಗೆ ಬೆಳೆಯು ಕಾರಣವೋ, ವ್ಯಾಪಾರವೋ, ಪೂರ್ವಿಕನೊಬ್ಬನಿಗೆ ಓಣಿಯವರು ಪರಿಹಾಸಕ್ಕೆಂದು ಇಟ್ಟ ಹೆಸರೋ ಎಂಬುದನ್ನು ಶಬ್ದಕೋಶವು ಹೇಳಲಾರದು. ಆಯಾ ಮನೆಯ ವೃದ್ಧರನ್ನೇ ಕೇಳಿ ಬರೆದುಕೊಳ್ಳಬೇಕು.