ಮೆಮೊರಿ ಪೇಜ್ 16 ಕೆಬಿ ಆದರೆ ಹಳೆಯ ಫೋನ್ ಮೂಲೆಗೆ ಸೇರುತ್ತದೆಯೇ? ಟೆಸ್ಟ್ ‘ಫೇಲ್’ ಎಂದರೆ ನಿಜಕ್ಕೂ ಏನು?

‘ಆಂಡ್ರಾಯ್ಡ್‌ನಲ್ಲಿ ಮೆಮೊರಿ ಪೇಜ್ 16 ಕೆಬಿ ಆಗಿದೆ, ಇನ್ನು ಹಳೆಯ ಫೋನ್‌ಗಳಲ್ಲಿ ಬ್ಯಾಂಕ್ ಆ್ಯಪ್ ನಡೆಯುವುದಿಲ್ಲ, ಬೇಗ ಹೊಸ ಫೋನ್ ತಗೊಳ್ಳಿ’ ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ. ಮೊದಲರ್ಧದಲ್ಲಿ ಸ್ವಲ್ಪ ನಿಜವಿದೆ. ಉಳಿದದ್ದು ತಪ್ಪು. 4 ಕೆಬಿ ಪೇಜ್ ಇರುವ ಫೋನ್ ಹಾಗೆಯೇ ಮುಂದುವರಿಯುತ್ತದೆ, 16 ಕೆಬಿಗೆಂದು ಸಿದ್ಧಪಡಿಸಿದ ಆ್ಯಪ್ ಅದರಲ್ಲೂ ನಡೆಯುತ್ತದೆ.

ಹಾಗಾದರೆ ಬದಲಾಗಿದ್ದು ಏನು?

ಪೇಜ್ ಎಂದರೇನು?

ಅಕ್ಕಿ ಗೋಡೌನಿನಲ್ಲಿ ಬಿಡಿ ಅಕ್ಕಿ ಕೊಡುವುದಿಲ್ಲ, ಚೀಲದ ಲೆಕ್ಕ. ಫೋನಿನ ರ‍್ಯಾಮ್ ಕೂಡ ಹಾಗೆಯೇ. ಆಪರೇಟಿಂಗ್ ಸಿಸ್ಟಂನ ಒಳತಿರುಳಾದ ಕರ್ನಲ್, ಆ್ಯಪ್‌ಗಳಿಗೆ ಮೆಮೊರಿಯನ್ನು ಒಂದೇ ಅಳತೆಯ ತುಂಡುಗಳಲ್ಲಿ ಹಂಚುತ್ತದೆ. ಆ ತುಂಡಿಗೆ ಪೇಜ್ ಎಂದು ಹೆಸರು. ಆಂಡ್ರಾಯ್ಡ್‌ನಲ್ಲಿ ಇಷ್ಟು ವರ್ಷ ಅದರ ಅಳತೆ 4 ಕೆಬಿ, ಅಂದರೆ 4,096 ಬೈಟ್. ಆಂಡ್ರಾಯ್ಡ್ 15ರಿಂದ 16 ಕೆಬಿ ಪೇಜ್ ಇರುವ ಫೋನ್ ತಯಾರಿಸಲೂ ಅವಕಾಶವಿದೆ. ಐಫೋನ್‌ಗಳಲ್ಲಿ ಇದು ಹಳೆಯ ಸಂಗತಿ.

8 ಜಿಬಿ ರ‍್ಯಾಮ್‌ನಲ್ಲಿ 4 ಕೆಬಿಯ ಪೇಜ್‌ಗಳು 20,97,152 ಇರುತ್ತವೆ. 16 ಕೆಬಿ ಮಾಡಿದರೆ 5,24,288 ಸಾಕು. ಚೀಲ ಕಡಿಮೆಯಾದರೆ ಲೆಕ್ಕದ ಪುಸ್ತಕವೂ ತೆಳ್ಳಗಾಗುತ್ತದೆ, ಪ್ರೊಸೆಸರ್ ಹುಡುಕುವ ಕೆಲಸವೂ ಇಳಿಯುತ್ತದೆ. ಗೂಗಲ್‌ನ ಆರಂಭಿಕ ಪರೀಕ್ಷೆಗಳ ಪ್ರಕಾರ ಮೆಮೊರಿಯ ಒತ್ತಡವಿದ್ದಾಗ ಆ್ಯಪ್ ತೆರೆಯುವ ಸಮಯ ಸರಾಸರಿ 3.16% ಇಳಿದಿದೆ, ಫೋನ್ ಆನ್ ಆಗುವುದು ಸುಮಾರು 8% ಬೇಗವಾಗಿದೆ. ಇವು ಕಂಪನಿ ತಾನೇ ಕೊಟ್ಟ ಅಂಕಿಗಳು ಎಂಬುದು ನೆನಪಿರಲಿ. ನಷ್ಟವೂ ಇದೆ. 5 ಕೆಬಿ ಬೇಕಾದವನಿಗೆ ಮೊದಲು ಎರಡು ಪೇಜ್ ಕೊಟ್ಟು 3 ಕೆಬಿ ವ್ಯರ್ಥವಾಗುತ್ತಿತ್ತು. ಈಗ ಒಂದೇ ಪೇಜ್ ಕೊಟ್ಟರೂ 11 ಕೆಬಿ ವ್ಯರ್ಥ. ಹಾಗಾಗಿ ಇಂತಹ ಫೋನ್‌ಗಳು ಸ್ವಲ್ಪ ಹೆಚ್ಚು ಮೆಮೊರಿ ಬಳಸುತ್ತವೆ.

ಕರ್ನಲ್ ಸರಿಯಿದ್ದರೂ ಟೆಸ್ಟ್ ಫೇಲ್ ಆಗುವುದು ಹೇಗೆ?

ನಮಗೆ ಈ ವಿಷಯದಲ್ಲಿ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇದೇ. ಆಂಡ್ರಾಯ್ಡ್‌ನ ತಳದಲ್ಲಿರುವುದು ಲಿನಕ್ಸ್ ಕರ್ನಲ್. ಅದರ ಜೊತೆಗೇ ನೂರಾರು ಪರೀಕ್ಷಾ ಪ್ರೋಗ್ರಾಂಗಳು ಬರುತ್ತವೆ, ಮೆಮೊರಿ ಪರೀಕ್ಷೆಗಳಿಗೆ ಪ್ರತ್ಯೇಕ ಫೋಲ್ಡರ್ ಇದೆ. ಲಿನಕ್ಸ್ ಟೆಸ್ಟ್ ಪ್ರಾಜೆಕ್ಟ್ ಎಂಬ ಇನ್ನೊಂದು ಸಂಗ್ರಹವೂ ಇದೆ. (ರ‍್ಯಾಮ್ ಚಿಪ್ ಕೆಟ್ಟಿದೆಯೇ ಎಂದು ರಿಪೇರಿ ಅಂಗಡಿಯಲ್ಲಿ ಮಾಡುವ ಮೆಮೊರಿ ಟೆಸ್ಟ್ ಬೇರೆ. ಇಲ್ಲಿ ಪರೀಕ್ಷೆ ಚಿಪ್‌ಗಲ್ಲ, ಚಿಪ್ಪನ್ನು ಹಂಚುವ ಕರ್ನಲ್‌ಗೆ.)

ಒಂದು ಸರಳ ಪರೀಕ್ಷೆಯನ್ನು ಊಹಿಸಿಕೊಳ್ಳಿ. 4,096 ಬೈಟ್ ಕೇಳಿ ಪಡೆ, ನಂತರ 5,000ನೇ ಬೈಟ್ ಮುಟ್ಟು. ಅಲ್ಲಿ ಬೇರೇನೂ ಇಲ್ಲದಿದ್ದರೆ ಕರ್ನಲ್ ತಕ್ಷಣ ಪ್ರೋಗ್ರಾಂ ನಿಲ್ಲಿಸಬೇಕು. ನಿಲ್ಲಿಸಿದರೆ ಪಾಸ್. ಇದೇ ಪರೀಕ್ಷೆಯನ್ನು 16 ಕೆಬಿ ಕರ್ನಲ್ ಮೇಲೆ ಓಡಿಸಿದರೆ ಏನಾಗುತ್ತದೆ? ನೀವು ಕೇಳಿದ್ದು 4,096 ಬೈಟ್ ಆದರೂ ಸಿಗುವುದು ಪೂರ್ತಿ ಪೇಜ್, ಅಂದರೆ 16,384 ಬೈಟ್. 5,000ನೇ ಬೈಟ್ ಅದರೊಳಗೇ ಇದೆ. ಕರ್ನಲ್ ತಡೆಯುವುದಿಲ್ಲ, ತಡೆಯಬೇಕಾಗಿಯೂ ಇಲ್ಲ. ಪರದೆಯ ಮೇಲೆ ಮಾತ್ರ ‘ಫೇಲ್’ ಎಂದು ಬರುತ್ತದೆ. ಕರ್ನಲ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ, ಪರೀಕ್ಷೆ ಬರೆದವರು ಪೇಜ್ ಎಂದರೆ 4,096 ಎಂದು ಭಾವಿಸಿದ್ದರು, ಅಷ್ಟೇ.

ಪರಿಹಾರ ಸುಲಭ. ಸಂಖ್ಯೆಯನ್ನು ಬರೆದಿಡುವ ಬದಲು ‘ನಿನ್ನ ಪೇಜ್ ಎಷ್ಟು ದೊಡ್ಡದು?’ ಎಂದು ಪರೀಕ್ಷೆ ಮೊದಲು ಕರ್ನಲ್‌ನನ್ನೇ ಕೇಳಬೇಕು. ಅದಕ್ಕೆ ಸಿದ್ಧ ಕರೆ ಇದೆ.

ಎಲ್ಲ ಪ್ರಕರಣವೂ ಇಷ್ಟು ಸುಲಭವಲ್ಲ. 2024ರಲ್ಲಿ ಬಂದ ಲಿನಕ್ಸ್ 6.8ರಿಂದ ಕರ್ನಲ್ ಅನುಕೂಲ ಕಂಡರೆ ಒಂದು ಪೇಜ್ ಕೇಳಿದ ಕಡೆ ಹಲವು ಪೇಜ್‌ಗಳನ್ನು ಒಟ್ಟಿಗೇ ಕೊಡಬಲ್ಲದು, ಆ ಸೌಲಭ್ಯ ಆನ್ ಇದ್ದರೆ. ‘ಒಂದು ಪೇಜ್ ಮುಟ್ಟಿದೆ, ಪಕ್ಕದ್ದು ಖಾಲಿಯೇ ಇರಬೇಕು’ ಎಂದು ನಂಬಿದ ಪರೀಕ್ಷೆ ಇಲ್ಲಿಯೂ ಎಡವಬಹುದು. ಈಗ ಏನು ಮಾಡುವುದು? ‘ಪಕ್ಕದ್ದು ಹೇಗಿದ್ದರೂ ಪಾಸ್’ ಎಂದು ಸಡಿಲಿಸಿದರೆ ಪರದೆ ಹಸಿರಾಗುತ್ತದೆ. ಆದರೆ ನಾಳೆ ನಿಜವಾಗಿಯೂ ಕರ್ನಲ್ ತಪ್ಪಾಗಿ ಮೆಮೊರಿ ಹಂಚಿದರೆ ಅದೂ ಪಾಸ್ ಆಗುತ್ತದೆ. ನಮ್ಮ ಮಟ್ಟಿಗೆ ಸುಳ್ಳು ಫೇಲ್‌ಗಿಂತ ಈ ಸುಳ್ಳು ಪಾಸ್ ಅಪಾಯಕಾರಿ, ಏಕೆಂದರೆ ಅದನ್ನು ಯಾರೂ ಹುಡುಕಲು ಹೋಗುವುದಿಲ್ಲ. ಸರಿಯಾದ ದಾರಿ ಬೇರೆ: ಪರೀಕ್ಷೆಯ ಅವಧಿಗೆ ಆ ಸೌಲಭ್ಯವನ್ನು ಆಫ್ ಮಾಡಿ ಹಳೆಯ ಪ್ರಶ್ನೆ ಕೇಳುವುದು, ಹೊಸ ವರ್ತನೆಗೆ ಪ್ರತ್ಯೇಕ ಪರೀಕ್ಷೆ ಬರೆಯುವುದು. ಇನ್ನು ಕರ್ನಲ್‌ನಲ್ಲಿ ಸೌಲಭ್ಯವೇ ಇಲ್ಲದಿದ್ದರೆ ಫಲಿತಾಂಶ ಪಾಸೂ ಅಲ್ಲ, ಫೇಲೂ ಅಲ್ಲ. ಅದಕ್ಕೆಂದೇ ‘ಸ್ಕಿಪ್’ ಎಂಬ ಮೂರನೇ ಉತ್ತರವಿದೆ.

ನಮ್ಮ ಆ್ಯಪ್‌ಗಳಿಗೂ ಇದಕ್ಕೂ ಏನು ಸಂಬಂಧ?

ಪರೀಕ್ಷೆಗಳಲ್ಲಿದ್ದ ಅದೇ 4,096ರ ನಂಬಿಕೆ ಕೆಲವು ಆ್ಯಪ್‌ಗಳಲ್ಲೂ ಕೂತಿದೆ. ಸಿ, ಸಿ++ ಭಾಷೆಯಲ್ಲಿ ಬರೆದ ಭಾಗಗಳಿರುವ ಆ್ಯಪ್‌ಗಳನ್ನು (ಗೇಮ್, ವಿಡಿಯೊ ಎಡಿಟಿಂಗ್ ಇತ್ಯಾದಿ) 16 ಕೆಬಿಗೆ ಹೊಂದುವಂತೆ ಮತ್ತೆ ತಯಾರಿಸಬೇಕು. ಪೂರ್ತಿ ಜಾವಾ ಅಥವಾ ಕಾಟ್ಲಿನ್‌ನಲ್ಲಿ ಬರೆದವಕ್ಕೆ ಸಾಮಾನ್ಯವಾಗಿ ಬದಲಾವಣೆ ಬೇಡ. ಫಾರ್ವರ್ಡ್‌ಗಳಲ್ಲಿ ಕಾಣಬಹುದಾದ ‘2025ರ ನವೆಂಬರ್ 1’ ಎಂಬ ದಿನಾಂಕ ಇದರದ್ದೇ. ಆಂಡ್ರಾಯ್ಡ್ 15 ಮತ್ತು ಮೇಲಿನ ಆವೃತ್ತಿಗಳನ್ನು ಗುರಿಯಾಗಿಸಿ ಪ್ಲೇ ಸ್ಟೋರ್‌ಗೆ ಸಲ್ಲಿಸುವ ಹೊಸ ಆ್ಯಪ್ ಮತ್ತು ಅಪ್‌ಡೇಟ್‌ಗಳು ಅಂದಿನಿಂದ 16 ಕೆಬಿಗೂ ಹೊಂದಬೇಕು ಎಂದು ಗೂಗಲ್ ನಿಯಮ ಮಾಡಿತು. ಅದು ಆ್ಯಪ್ ತಯಾರಕರಿಗೆ ಕೊಟ್ಟ ಗಡುವು. ನಿಮ್ಮ ಫೋನಿಗೆ ಕೊಟ್ಟದ್ದಲ್ಲ.

ತೊಂದರೆ ಬರುವುದಾದರೆ ಉಲ್ಟಾ ಕಡೆಯಿಂದ: ಹಳೆಯ ಆ್ಯಪ್, ಹೊಸ 16 ಕೆಬಿ ಫೋನ್. ಅದಕ್ಕಾಗಿ ಆಂಡ್ರಾಯ್ಡ್ 16ರಲ್ಲಿ ಹೊಂದಾಣಿಕೆಯ ವ್ಯವಸ್ಥೆ ಇದೆ. ಅಂತಹ ಆ್ಯಪ್ ತೆರೆದಾಗ, ಇದು 16 ಕೆಬಿಗೆ ಸಿದ್ಧವಾಗಿಲ್ಲ ಎಂಬ ಎಚ್ಚರಿಕೆ ಕಾಣಿಸಬಹುದು. ಅದು ವೈರಸ್ ಅಲ್ಲ, ರ‍್ಯಾಮ್ ಕೆಟ್ಟಿರುವ ಸೂಚನೆಯೂ ಅಲ್ಲ. ಪ್ಲೇ ಸ್ಟೋರ್‌ನಲ್ಲಿ ಆ ಆ್ಯಪ್‌ಗೆ ಅಪ್‌ಡೇಟ್ ಬಂದಿದೆಯೇ ನೋಡಿ, ಇಲ್ಲದಿದ್ದರೆ ತಯಾರಕರಿಗೆ ತಿಳಿಸಿ. ‘16 ಕೆಬಿ ಫಿಕ್ಸ್’ ಎಂದು ಯಾರಾದರೂ ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್ ಕಳಿಸಿದರೆ ಇನ್‌ಸ್ಟಾಲ್ ಮಾಡಬೇಡಿ. ಪೇಜ್ ಅಳತೆ ಕರ್ನಲ್‌ಗೆ ಸೇರಿದ್ದು, ಹೊರಗಿನ ಯಾವ ಆ್ಯಪ್ ಕೂಡ ಅದನ್ನು ಬದಲಿಸಲಾರದು.