ಬೀಸುಕಲ್ಲಿನ ಬಳಿಯ ಧ್ಯಾನ

ಹೊಸ ಅಗ್ರಹಾರದ ನಮ್ಮ ಮನೆಯ ಹಿತ್ತಿಲಿನಲ್ಲಿ ಅಜ್ಜಿಯ ರಾಗಿಕಲ್ಲು ಇನ್ನೂ ಬಿದ್ದಿದೆ. ಅಜ್ಜಿ ಪದ ಹೇಳಿಕೊಂಡು ರಾಗಿ ಬೀಸುತ್ತಿದ್ದುದು ದಣಿವು ಮರೆಯಲಿಕ್ಕೆ ಎಂದು ನಾನು ನಂಬಿದ್ದೆ. ಸಂಶೋಧನೆಗಾಗಿ ಬಿಜಾಪುರದ ‘ಚಕ್ಕಿನಾಮಾ’ಗಳ ಬಗ್ಗೆ ಓದತೊಡಗಿದ ಮೇಲೆ ಆ ತಿಳಿವಳಿಕೆ ಸಾಲದು ಅನ್ನಿಸಿತು.

ಚಕ್ಕಿ ಎಂದರೆ ಬೀಸುಕಲ್ಲು. ಹೆಂಗಸರು ಹಿಟ್ಟು ಬೀಸುವಾಗ ಹಾಡಲೆಂದು ಸೂಫಿಗಳು ದಖನಿ ಭಾಷೆಯಲ್ಲಿ ಕಟ್ಟಿದ ಪದಗಳೇ ಚಕ್ಕಿನಾಮಾ. ಕಲ್ಲಿನ ಹಿಡಿಗೂಟವನ್ನು ಅವು ‘ಅಲಿಫ್’ ಅಕ್ಷರಕ್ಕೆ ಹೋಲಿಸುತ್ತವೆ. ಅಲ್ಲಾಹ್ ಎಂಬ ಹೆಸರು ಶುರುವಾಗುವುದು ಆ ಅಕ್ಷರದಿಂದಲೇ. ಕಲ್ಲು ತಿರುಗಿದಂತೆ ನಾಲಗೆಯ ಮೇಲೆ ನಾಮವೂ ತಿರುಗುತ್ತದೆ. ಸೂಫಿಗಳ ‘ಜಿಕ್ರ್’, ಅಂದರೆ ದೇವರ ಸ್ಮರಣೆ, ಹೀಗೆ ಅಡುಗೆಮನೆಗೆ ಬಂತು. ಸೂಫಿ ವಿಚಾರ ಜನಸಾಮಾನ್ಯರನ್ನು ತಲುಪಿದ್ದರಲ್ಲಿ ಈ ಹಾಡುಗಳ ಪಾಲು ದೊಡ್ಡದು ಎಂದು ಇತಿಹಾಸಕಾರ ರಿಚರ್ಡ್ ಈಟನ್ 1978ರ ತಮ್ಮ ಪುಸ್ತಕದಲ್ಲಿ ತೋರಿಸಿದರು.

ಇದೇ ಬಿಜಾಪುರದ ಸೂಫಿಗಳು ಯೋಗದ ನುಡಿಗಟ್ಟಿಗೂ ಹತ್ತಿರವಾಗಿದ್ದರು. ಬುರ್ಹಾನುದ್ದೀನ್ ಜಾನಮ್ 16ನೇ ಶತಮಾನದಲ್ಲಿ ಗುರು–ಶಿಷ್ಯರ ಪ್ರಶ್ನೋತ್ತರದ ರೂಪದಲ್ಲಿ ‘ಇರ್ಷಾದ್‌ನಾಮಾ’ ಬರೆದರು. ಅವರ ಮಗ ಅಮೀನುದ್ದೀನ್ ಆಲಾ (ನಿಧನ 1675) ದೇಹವನ್ನು ಪಂಚಭೂತ, ಇಪ್ಪತ್ತೈದು ಗುಣಗಳ ಲೆಕ್ಕದಲ್ಲಿ ವಿವರಿಸಿದರು. ಅವರ ಗೋರಿಯ ಬಿಳಿ ಗುಮ್ಮಟ ಇಂದಿಗೂ ಊರಾಚೆಯ ಗುಡ್ಡದ ಮೇಲಿದೆ.

ಎರಡೂ ದಾರಿಗಳು ಹತ್ತಿರ ಬಂದದ್ದು ಉಸಿರಿನಲ್ಲಿ. ಯೋಗಿ ‘ಸೋಹಂ’ ಎಂದು ಉಸಿರನ್ನೇ ಜಪವಾಗಿಸುತ್ತಾನೆ. ಸೂಫಿ ಒಂದೊಂದು ಉಸಿರನ್ನೂ ನಾಮದಿಂದ ಕಾಯುತ್ತಾನೆ. ಕೇಳಿ ತಿಳಿದದ್ದು, ಊಹಿಸಿ ತಿಳಿದದ್ದು ಇವೆರಡನ್ನೂ ಮೀರಿದ ಅರಿವು ಸಮಾಧಿಯಲ್ಲಿ ಹುಟ್ಟುತ್ತದೆ ಎನ್ನುತ್ತಾನೆ ಪತಂಜಲಿ. ಸೂಫಿಗಳು ಓದಿನ ‘ಇಲ್ಮ್’ಗಿಂತ ಕಂಡುಂಡ ‘ಮಾರಿಫತ್’ ಮೇಲು ಎನ್ನುತ್ತಾರೆ. ಇವಕ್ಕೆ ಕನ್ನಡದಲ್ಲಿ ಒಂದೇ ಮಾತು ಸಿಗುತ್ತದೆ: ಅನುಭಾವ.

ಹಾಗೆಂದು ಎರಡೂ ಒಂದೇ ಎಂದುಬಿಡುವುದು ಸುಲಭ, ಆದರೆ ಸರಿಯಲ್ಲ. ಪತಂಜಲಿಯ ಕೈವಲ್ಯದಲ್ಲಿ ಪುರುಷನು ಪ್ರಕೃತಿಯಿಂದ ಬಿಡಿಸಿಕೊಂಡು ಒಬ್ಬನೇ ಉಳಿಯುತ್ತಾನೆ. ಸೂಫಿಯ ‘ಫನಾ’ದಲ್ಲಿ ‘ನಾನು’ ಅಳಿದು ದೇವರು ಉಳಿಯುತ್ತಾನೆ. 11ನೇ ಶತಮಾನದಲ್ಲಿ ಯೋಗಸೂತ್ರವನ್ನು ಅರಬಿಗೆ ತಂದ ಅಲ್‌ಬಿರೂನಿ ಪತಂಜಲಿಯನ್ನು ಸೂಫಿಗಳ ಜೊತೆಗಿಟ್ಟು ನೋಡಿದ್ದ, ಆದರೆ ಒಬ್ಬರನ್ನು ಇನ್ನೊಬ್ಬರಲ್ಲಿ ಕರಗಿಸಲಿಲ್ಲ. ಬಿಜಾಪುರದ ಸೂಫಿಗಳೂ ಯೋಗದ ಮಾತನ್ನು ಧಾರಾಳವಾಗಿ ಬಳಸಿಕೊಂಡರು, ತಮ್ಮ ನಾಮವನ್ನು ಬಿಡಲಿಲ್ಲ. ಸೌಹಾರ್ದಕ್ಕೆ ವ್ಯತ್ಯಾಸ ಅಳಿಸಬೇಕಾಗಿಲ್ಲ ಎಂಬುದಕ್ಕೆ ಅವರಿಗಿಂತ ಬೇರೆ ಸಾಕ್ಷಿ ಬೇಕೆ?

ನನ್ನ ಅಜ್ಜಿ ಯೋಗಿನಿಯೂ ಅಲ್ಲ, ಸೂಫಿಯೂ ಅಲ್ಲ. ಆದರೆ ಪದ ಹತ್ತಿದ ಮೇಲೆ ನಾವು ಕರೆದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವರು ಎಲ್ಲಿರುತ್ತಿದ್ದರು ಎಂದು ಆಗ ಕೇಳಬೇಕಿತ್ತು.